ಬೇವಿಗೆ ಇಟ್ಟ ಇಂಗು

ಬೇಳೆಸಾರಿಗೆ ಇಂಗಿನ ಒಗ್ಗರಣೆ ಬಿದ್ದರೆ ನಿಮಗೆ ಹಸಿವಾಗಬಹುದು. ನನಗೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ನಿನ್ನೆ ಲಿಂಗಸುಗೂರಿನ ಖಾನಾವಳಿಯೊಂದರಲ್ಲಿ ಹಾಗೇ ಆಯಿತು. ಒಳಗಿನಿಂದ ಆ ವಾಸನೆ ಬಂದದ್ದೇ ತಡ, ರೊಟ್ಟಿ ಮುರಿಯುವ ಮೊದಲೇ ಎದ್ದು ನಳದ ಕಡೆ ನಡೆದೆ. "ಊಟ ಚೊಲೊ ಇಲ್ಲೇನ್ರೀ ಅಜ್ಜಾರ?" ಎಂದು ಮಾಲೀಕ ಕೇಳಿದ. ಇನ್ನೂ ಉಣ್ಣದ ಊಟದ ಬಗ್ಗೆ ನಾನೇನು ಹೇಳಲಿ?

ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಕೆಲವು ವರ್ಷ ಸಿಂಧನೂರಿನಲ್ಲಿ, ಕೆಲವು ವರ್ಷ ಲಿಂಗಸುಗೂರಿನಲ್ಲಿ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದು ನನ್ನ ಕೆಲಸ. ಬಸ್ಸುಗಳು ನನ್ನ ಮಾತು ಕೇಳುತ್ತಿದ್ದವು ಎಂದಲ್ಲ. ತಡವಾಗಿ ಬಂದದ್ದನ್ನು ನಾನು ತಡಮಾಡದೆ ಬರೆಯುತ್ತಿದ್ದೆ, ಅಷ್ಟೇ. ನಿವೃತ್ತನಾಗಿ ಎರಡೂ ಊರುಗಳ ನಡುವಿನ ಮಸ್ಕಿಯಲ್ಲಿ ಮನೆ ಮಾಡಿದೆ. ಐದಕ್ಕೆ ಏಳುವುದು, ಐದೂವರೆಗೆ ಅಂಗಳ ಗುಡಿಸುವುದು, ಆರಕ್ಕೆ ಚಹಾ. ಈ ವೇಳಾಪಟ್ಟಿಗೆ ಒಪ್ಪದ ಜೀವ ಓಣಿಯಲ್ಲಿ ಒಂದೇ ಇತ್ತು: ನಮ್ಮ ಮನೆ ಮುಂದಿನ ಬೇವಿನ ಮರ. ಕಸಬರಿಗೆ ಕೆಳಗಿಡುವಷ್ಟರಲ್ಲಿ ಎಲೆ ಉದುರಿಸುತ್ತಿತ್ತು. ಎಲೆ ಮುಗಿದರೆ ಹೂವು, ಹೂವು ಮುಗಿದರೆ ಹಣ್ಣು. ರಜೆ ಎಂಬುದೇ ಇಲ್ಲ.

ಹಳೆಯ ಡ್ರೈವರೊಬ್ಬ ನನ್ನ ಗೋಳು ಕೇಳಿ ಉಪಾಯ ಹೇಳಿದ: "ಕಡಿದ್ರ ಮಂದಿ ಬೈತಾರ. ತೂತು ಕೊರದು ಇಂಗು ತುಂಬ್ರಿ. ತಾನ ಒಣಗತೈತಿ." ಮರಕ್ಕೆ ಇಂಗು ವಿಷವೆಂಬ ಮಾತನ್ನು ನೀವೂ ಕೇಳಿರಬಹುದು. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ, ಓಣಿಯೆಲ್ಲ ಮಲಗಿದ್ದಾಗ, ಬುಡದಲ್ಲಿ ಸಮ ಅಂತರ ಬಿಟ್ಟು ಮೂರು ತೂತು ಕೊರೆದೆ. ಅಡುಗೆಮನೆಯ ಡಬ್ಬಿಯ ಇಂಗನ್ನೆಲ್ಲ ತುಂಬಿ ಮಣ್ಣು ಮೆತ್ತಿದೆ. ಕೊಲೆಯಲ್ಲೂ ಶಿಸ್ತು ಬಿಡಲಿಲ್ಲ.

ಆ ಮರದ ಕೆಳಗೆ ದಿನಾ ಹುಲಿಗೆಮ್ಮ ಕೂರುತ್ತಿದ್ದಳು; ಆ ಮಧ್ಯಾಹ್ನ ಸಂತೆಗೆ ಹೋಗಿದ್ದಳು. ಎದುರು ಮನೆಯವಳು, ಗಂಡ ಇಲ್ಲ. ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಬದುಕುವವಳು. ಅವಳ ತಗಡಿನ ಮನೆ ಬೆಳಗ್ಗೆ ಹತ್ತಕ್ಕೇ ಒಲೆ ಮೇಲಿನ ರೊಟ್ಟಿಹಂಚಿನಂತೆ ಕಾಯುತ್ತದೆ. ಕೌದಿ ಹರಡಲು ಅವಳಿಗಿದ್ದದ್ದು ಆ ನೆರಳೊಂದೇ. ಇದು ನನಗೆ ಹೊಳೆಯಲಿಲ್ಲ ಎಂದು ಬರೆಯಬಹುದಿತ್ತು. ಹೊಳೆದಿತ್ತು. ಬದಿಗೆ ಸರಿಸಿದ್ದೆ.

ತಿಂಗಳೊಳಗೆ ಎಲೆ ಹಳದಿಯಾದವು.

"ನಮ್ಮ ಗಿಡಕ್ಕ ಏನಾತ್ರೀ ಸಾಹೇಬ್ರ?" ಎಂದಳು ಹುಲಿಗೆಮ್ಮ. "ನೀವು ಹೊತ್ತಿಗೆ ಸರಿಯಾಗಿ ಏಳೋರು. ದಿನಾ ಒಂದು ಕೊಡ ನೀರು ಹಾಕ್ರಿ, ಪುಣ್ಯ ಬರತೈತಿ."

ಹಾಕತೊಡಗಿದೆ. ವಾಸನೆ ಶುರುವಾದದ್ದು ಆಗಲೇ. ಕರ್ಚೀಫಿನಲ್ಲಿ ಇಂಗು, ಪತ್ರಿಕೆಯಲ್ಲಿ ಇಂಗು, ಗುಡಿಯ ತೀರ್ಥದಲ್ಲೂ ಇಂಗು. "ಮನ್ಯಾಗ ಇಂಗು ಮುಗದು ತಿಂಗಳಾತು. ಡಬ್ಬಿ ಯಾರು ಖಾಲಿ ಮಾಡಿದ್ರೋ! ನಿಮ್ಮ ಮೂಗಿಗೆ ಹುಚ್ಚು ಹಿಡದೈತಿ," ಎಂದು ಹೆಂಡತಿ ನನ್ನನ್ನು ಲಿಂಗಸುಗೂರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಬ್ಯಾಟರಿ ಬಿಟ್ಟು ನೋಡಿ, "ಮೂಗು ಸ್ವಚ್ಛ ಐತಿ," ಅಂದರು. ಮೂಗಿನ ಆಚೆಗೆ ಅವರ ಬ್ಯಾಟರಿ ಹೋಗಲಿಲ್ಲ. ಮರುದಿನ ಸಿಂಧನೂರಿಗೆ ಹೋಗಿ, ಬೆಳೆಗಳ ಔಷಧಿ ಮಾರುವವನನ್ನು ಕೇಳಿದೆ: "ನಮ್ಮ ಬಾಜು ಮನಿಯವ ಗಿಡಕ್ಕ ಇಂಗು ಇಟ್ಟಾನ. ಅದಕ್ಕ ಪರಿಹಾರ ಐತೇನು?" ಅವನು ತಲೆ ಎತ್ತದೆ ಹೇಳಿದ: "ಇಂಗು ಸಾರಿಗೆ ಹಾಕೋದಂತ ಅವಗ ತಿಳಿಸಿ ಹೇಳ್ರಿ."

ಒಂದು ಕೊಡ ನಾಲ್ಕಾಯಿತು, ನಾಲ್ಕು ಹತ್ತಾಯಿತು. ತೂತು ಕೆದರಿ ಇಂಗು ತೆಗೆದೆ, ಗೊಬ್ಬರ ಹಾಕಿದೆ, ಬುಡ ಸವರುತ್ತ ಕೂತೆ. ಓಣಿಯವರು, "ಸಾಹೇಬ್ರಿಗೆ ಗಿಡದ ಮ್ಯಾಲ ಎಷ್ಟು ಜೀವ!" ಎಂದರು. ಈ ಕೀರ್ತಿ ಓಣಿಯ ಶಾಲೆಗೂ ಮುಟ್ಟಿ, ಸಸಿ ನೆಡುವ ಸಮಾರಂಭಕ್ಕೆ ನನ್ನನ್ನು ಕರೆದು ಶಾಲು ಹೊದಿಸಿದರು.

ಆ ಶಾಲಿನಲ್ಲೂ ಇಂಗಿನ ವಾಸನೆ! ತಡೆಯಲಾಗಲಿಲ್ಲ. ಮೈಕು ಹಿಡಿದು ಕೂಗಿದೆ: "ನಾನ ಕೊಂದೀನ್ರೀ! ಇಂಗು ಹಾಕಿ ಕೊಂದೀನಿ. ಬುಡದಾಗ ಮೂರು ತೂತು ಅದಾವ, ಹೋಗಿ ನೋಡ್ರಿ!"

ಮುಖ್ಯಗುರುಗಳು ಮೆಲ್ಲಗೆ ಮೈಕು ಇಸಿದುಕೊಂಡರು. "ಮನುಕುಲದ ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು ಮಾತಾಡಿದ ಹಿರಿಯರಿಗೆ ಜೋರಾದ ಚಪ್ಪಾಳೆ!"

ಜೋರಾಗಿಯೇ ತಟ್ಟಿದರು. ತಟ್ಟದವಳು ಹುಲಿಗೆಮ್ಮ ಒಬ್ಬಳೇ. ಗೇಟಿನ ಹತ್ತಿರ ನಿಂತಿದ್ದಳು.

"ನಾ ಹೇಳಿದ್ದು ಖರೇ ಐತಿ," ಎಂದೆ ಅವಳ ಹತ್ತಿರ ಹೋಗಿ.

"ಗೊತ್ತೈತಿ. ಗಿಡಕ್ಕ ಬೆನ್ನು ಹಚ್ಚಿ ಕುಂಡ್ರಾಕಿ ನಾನು. ಮೂರನೇ ದಿನಕ್ಕ ನನ್ನ ಕೌದಿಯೆಲ್ಲ ನಿಮ್ಮ ಅಡಗಿಮನಿ ವಾಸನಿ."

"ಮತ್ತ ಯಾಕ ಬೈಲಿಲ್ಲ ನೀ?"

"ಬೈದಿದ್ರ ನಿಮಗ ಹಗುರಾಗತಿತ್ತು. ನೀರು ಯಾರು ಹಾಕತಿದ್ರು?" ಎಂದು ನನ್ನ ಹೆಗಲು ನೋಡಿದಳು. "ಆ ಶಾಲು ಕೊಡ್ರಿ ಇಲ್ಲೆ, ಕೌದಿಗೆ ಆಗತೈತಿ. ಗಿಡ ಇನ್ನ ಉಳಿಯಂಗಿಲ್ಲ. ನಾಳಿಂದ ನಿಮ್ಮ ಮನಿ ನೆರಳಾಗ, ಕಟ್ಟಿ ಮ್ಯಾಲ ಕುಂತು ಹೊಲಿತೀನಿ."

ಮರ ಉಳಿಯಲಿಲ್ಲ. ಇಂಗಿನಿಂದಲೇ ಹೋಯಿತೋ ನನ್ನ ಹತ್ತು ಕೊಡ ನೀರಿನಿಂದ ಕೊಳೆಯಿತೋ, ಹೇಳುವವರಿಲ್ಲ. ಅವಳು ಅಂದಂತೆಯೇ ಬಂದಳು. ಆರೇಳು ವರ್ಷವಾಯಿತು, ಚಿಂದಿ, ದಾರದ ತುಂಡು, ಎಲೆಅಡಿಕೆಯ ತೊಟ್ಟು ನಮ್ಮ ಕಟ್ಟೆಯ ತುಂಬ. ಬೇವು ಪಾಪ ಎಲೆ, ಹೂವು, ಹಣ್ಣನ್ನಷ್ಟೇ ಉದುರಿಸುತ್ತಿತ್ತು.

ನಿನ್ನೆ ಆ ಖಾನಾವಳಿಯಿಂದ ಉಪವಾಸ ಹೊರಟವನು ಬಸ್ಸಿನಲ್ಲಿ ಕೂತು ನಿಶ್ಚಯ ಮಾಡಿದೆ: ನಾಳೆ ಅವಳ ಕ್ಷಮೆ ಕೇಳಿಬಿಡಬೇಕು. ಇವತ್ತು ಅವಳ ಮುಂದೆ ಹೋಗಿ ನಿಂತೆ. ಬಾಯಿ ತೆರೆದಾಗಲೇ ಒಂದು ಭಯ ಬಂತು. ಕ್ಷಮಿಸೀನಿ ಎಂದುಬಿಟ್ಟರೆ? ಆಮೇಲೆ ಲೆಕ್ಕ ತೀರಿತೆಂದು ಇಲ್ಲಿ ಕೂರಲು ಸಂಕೋಚಪಟ್ಟು ಗಂಟು ಕಟ್ಟಿಕೊಂಡು ಬೇರೆ ನೆರಳು ಹುಡುಕಿಯಾಳು. ಆಗ ಈ ಕಟ್ಟೆಯನ್ನು ನಾನು ಗುಡಿಸಿ ಇಡುವುದಾದರೂ ಯಾರಿಗೆ?

"ಏನೋ ಕೇಳಾಕ ಬಂದಂಗ ಕಾಣಸ್ತೀರಿ," ಎಂದಳು.

"ಏನಿಲ್ಲ."

"ಏನಿಲ್ಲಂದ್ರ ಕಂಬದಂಗ ಯಾಕ ನಿಂತೀರಿ? ಗಾಳಿಗೆ ಕೌದಿ ಹಾರಾಕತ್ತೈತಿ, ಆ ತುದಿ ಮ್ಯಾಲ ಕುಂಡ್ರಿ."

ಕೂತೆ. ಇದನ್ನು ಅಲ್ಲಿಯೇ ಕೂತು ಬರೆಯುತ್ತಿದ್ದೇನೆ. ಏಳಿರೆಂದು ಅವಳು ಇನ್ನೂ ಹೇಳಿಲ್ಲ.