ಪಟ್ಟಾಕ್ಕೆ ಹಾಕಿದ ಜಾಳಿಗೆ

ಘೋಣಸಗಿಯ ಸೀತವ್ವ ಗಂಡ ಸತ್ತ ವರ್ಷವೇ ವಿಜಾಪುರಕ್ಕೆ ಬಂದು ಸ್ಟೇಷನ್ ರಸ್ತೆಯ ಹಿಂದೆ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಗೆ ಸೇರಿದಳು. ಅದು ೧೯೪೪. ಯಂತ್ರದ ಬಾಯಿಗೆ ಹತ್ತಿ ಹಾಕುವುದು ಅವಳ ಕೆಲಸ. ಸಂಜೆ ಉಗುಳಿದರೆ ಉಗುಳಿನಲ್ಲೂ ಎಳೆ ಬರುತ್ತಿತ್ತು, ಮೂಗು ಹಿಂಡಿದರೆ ಕಪ್ಪು ಗೊಣ್ಣೆ. ಗಂಟಲಿನ ಧೂಳು ಇಳಿಯಲೆಂದು ಹೆಂಗಸರು ಒಂದು ತುಂಡು ಬೆಲ್ಲ ತಿನ್ನುತ್ತಿದ್ದರು.

ಯಂತ್ರ ತಿರುಗಿಸುವ ತೊಗಲಿನ ಪಟ್ಟಾ ಮೊಣಕಾಲೆತ್ತರದಲ್ಲಿ ಬಯಲಾಗಿಯೇ ಓಡುತ್ತಿತ್ತು. ಅದನ್ನು ಮುಚ್ಚಲು ಮಾಡಿಸಿದ ಕಬ್ಬಿಣದ ಜಾಳಿಗೆ ಗೋದಾಮಿನಲ್ಲಿ ಬಿದ್ದಿತ್ತು. ಅದಿದ್ದರೆ ಕಳಚಿದ ಪಟ್ಟಾ ಮತ್ತೆ ಏರಿಸಲು ಹೊತ್ತು ಹಿಡಿಯುತ್ತದೆಂದು ಮ್ಯಾನೇಜರ್ ಗುರುಪಾದಯ್ಯ ತೆಗೆಸಿದ್ದ.

ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಸೀತವ್ವನ ಪಕ್ಕದಲ್ಲಿ ಹತ್ತಿ ಹಾಕುತ್ತ ಕೂತಿದ್ದ ಮಾಬುಬಿಯ ಸೆರಗು ಪಟ್ಟಾಕ್ಕೆ ಸಿಕ್ಕಿತು. ಯಂತ್ರ ನಿಲ್ಲುವಷ್ಟರಲ್ಲಿ ಅವಳ ಬಲಗೈ ಮೊಣಕೈವರೆಗೆ ಜಜ್ಜಿಹೋಗಿತ್ತು. ಅವಳನ್ನು ಟಾಂಗಾದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದರು. ಗುರುಪಾದಯ್ಯ ಬಂದವನೇ ಹತ್ತಿಯ ರಾಶಿ ನೋಡಿದ. ರಕ್ತ ಹತ್ತಿದ್ದನ್ನು ಆರಿಸಿ ತೆಗೆ, ಉಳಿದದ್ದು ಕೆಡಬಾರದು ಎಂದು ಸೀತವ್ವನಿಗೆ ಹೇಳಿದ. ಆರಿಸುವಾಗ ಬೆರಳಿಗೆ ಬೆಚ್ಚಗಿನ ಅಂಟು ತಾಗಿ, ಅವಳು ಗೋಡೆಯ ಮಗ್ಗುಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಎಂಟು ದಿನಕ್ಕೆ ಕಾರ್ಖಾನೆ ತಪಾಸಣೆಯ ಸರ್ಕಾರಿ ಸಾಹೇಬ ಬಂದ. ಹಿಂದಿನ ದಿನವೇ ಜಾಳಿಗೆ ಹಸಿರು ಬಣ್ಣ ಹೊಡೆಸಿಕೊಂಡು ಪಟ್ಟಾದ ಮೇಲೆ ಕೂತಿತ್ತು. ಅದು ಮೊದಲಿನಿಂದಲೂ ಇತ್ತು, ಹೆಣ್ಣುಮಗಳೇ ತೂಕಡಿಸುತ್ತಿದ್ದಳು ಎಂದು ಗುರುಪಾದಯ್ಯ ಹೇಳಿದ. ಸಾಹೇಬ ಬರೆದುಕೊಂಡ.

"ಅಕಿ ತೂಕಡಿಸಿಲ್ರಿ ಸಾಹೇಬ್ರ," ಎಂದಳು ಸೀತವ್ವ. "ಜಾಳಿಗಿ ನಿನ್ನಿ ಹಾಕ್ಯಾರ. ಬಣ್ಣ ಇನ್ನಾ ಹಸಿ ಐತಿ, ಮುಟ್ಟಿ ನೋಡ್ರಿ."

ಸಾಹೇಬ ಮುಟ್ಟಿದ. ಬೆರಳು ಹಸಿರಾಯಿತು. ಅದನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಬರೆದದ್ದನ್ನು ತಿದ್ದದೆ, ಗುರುಪಾದಯ್ಯನ ಜೊತೆ ಊಟಕ್ಕೆ ನಡೆದ.

ಮರುದಿನ ಜಾಳಿಗೆ ಮತ್ತೆ ಗೋದಾಮು ಸೇರಿತು. ಸೀತವ್ವ ಯಂತ್ರದ ಮುಂದೆ ಕೂರಲಿಲ್ಲ. ಅವಳನ್ನು ನೋಡಿ ಉಳಿದ ಹೆಂಗಸರೂ ಅಂಗಳದಲ್ಲೇ ಕೂತುಬಿಟ್ಟರು. ಮೂರನೆಯ ದಿನ, ಟಿಕೋಟಾ ಕಡೆಯ ಹತ್ತಿ ಗಾಡಿಗಳು ಬಾಗಿಲಲ್ಲಿ ಸಾಲುಗಟ್ಟಿದ ಮೇಲೆ, ಜಾಳಿಗೆ ಹಾಕಿದರು. ಗುರುಪಾದಯ್ಯ ಎಲ್ಲರನ್ನೂ ಒಳಗೆ ಕರೆದ, ಸೀತವ್ವನನ್ನು ಮಾತ್ರ ತಡೆದ. ಕಾಲಿಗೆ ಬಿದ್ದರೆ ನೋಡೋಣ ಎಂದ.

"ನಿಮ್ಮ ಮಾರಿ ನೋಡಿದ್ರ ಹೇಸಿಕಿ ಬರತೈತ್ರಿ," ಎಂದು ಹೇಳಿ ಅವಳು ಹೊರಬಿದ್ದಳು.

ಬಬಲೇಶ್ವರದ ತಂಗಿಯ ಮನೆ ಸೇರಿ ಕೂಲಿಗೆ ಹೋಗತೊಡಗಿದಳು. ಮಾಬುಬಿ ಎಡಗೈಯಲ್ಲೇ ರೊಟ್ಟಿ ಬಡಿಯಲು ಕಲಿತಳೆಂದು ಸಂತೆಗೆ ಬಂದವರು ಹೇಳಿದರು. ಜಿನ್ನಿನಲ್ಲಿ ಹತ್ತಿದ ಕೆಮ್ಮು ಸೀತವ್ವನನ್ನು ಕೊನೆತನಕ ಬಿಡಲಿಲ್ಲ. ಯಾರಾದರೂ ಹತ್ತಿ ಬಿಡಿಸಲು ಕರೆದರೆ, ಜೋಳದ ಹೊಲವಿದ್ದರೆ ಹೇಳಿರಿ ಎನ್ನುತ್ತಿದ್ದಳು.