ಜೀವಕೋಶಗಳ ಸಾಕುತಾಯಿ

ಕ್ಯಾನ್ಸರ್ ಜೀವಕೋಶಗಳನ್ನು ಸಾಕುವುದೇ ಅವಳ ಕೆಲಸ. ಬಾಟಲಿಯಲ್ಲಿ ತೇಲುವ ಅವುಗಳಿಗೆ ಗುಲಾಬಿ ಬಣ್ಣದ ದ್ರವ ಉಣಿಸಿ, ಬೆಚ್ಚಗಿಟ್ಟು, ಬೆಳೆದ ಮೇಲೆ ಔಷಧಿ ಹಾಕಿ ಕೊಲ್ಲಬೇಕು. ಲ್ಯಾಬಿನವರು ಅವಳಿಗೆ 'ಸಾಕುತಾಯಿ' ಎಂದು ಹೆಸರಿಟ್ಟಿದ್ದರು. "ಸಾಕಿ ಸಲಹಿ ಕುತ್ತಿಗೆ ಹಿಸುಕೋ ತಾಯಿ" ಎಂದು ಅವಳೂ ನಗುತ್ತಿದ್ದಳು.

ಗಂಡ ದರ್ಜಿ. ಒಂದು ದಿನ ಮಷಿನ್ ಮುಂದೆ ಕೂತಿದ್ದವನು ತಲೆಸುತ್ತಿ ಬಿದ್ದ. ಡಾಕ್ಟರು ರಕ್ತದ ಕ್ಯಾನ್ಸರ್ ಎಂದರು, ಕೊಡುವ ಔಷಧಿಯ ಹೆಸರನ್ನೂ ಹೇಳಿದರು. ಅವಳು ಬಾಟಲಿಗಳಿಗೆ ಹಾಕುತ್ತಿದ್ದದ್ದೇ ಅದು. "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದಳು, ಅಷ್ಟೇ.

ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಗಂಡ ಕೇಳಿದ: "ಇದು ಒಳಗೆ ಹೋಗಿ ಏನ್ಮಾಡುತ್ತೆ?"

"ಕೋಶ ಒಂದಿದ್ದದ್ದು ಎರಡಾಗಬೇಕಾದ್ರೆ ಹೊಸ ಡಿಎನ್ಎ ಎಳೆ ಹೆಣೀಬೇಕು. ಅದಕ್ಕೆ ಪ್ಯೂರಿನ್ ಅನ್ನೋ ಕಚ್ಚಾ ಸಾಮಾನು ಬೇಕು. ಇದು ನೋಡೋಕೆ ಪ್ಯೂರಿನ್ ಥರಾನೇ ಇರುತ್ತೆ. ಬೇಡದ ಪ್ಯೂರಿನ್ನ ಕರಗಿಸೋ ಕಿಣ್ವ ಒಂದು ಮೈಯಲ್ಲಿದೆ. ಅದರ ಆಟ ಇದರ ಹತ್ತಿರ ನಡೆಯಲ್ಲ. ಕೋಶದೊಳಗೇ ತುಂಬ್ಕೊಂಡು, ಎಳೆಯಲ್ಲಿ ಸೇರ್ಕೊಂಡು, ಎಳೇನೇ ತುಂಡು ಮಾಡುತ್ತೆ."

"ಹಳೇದಾಗಿ ಲಡ್ಡು ಹಿಡಿದ ದಾರ ಅನ್ನು. ಉಂಡೆ ನೋಡಿದ್ರೆ ಗೊತ್ತಾಗಲ್ಲ. ಹೊಲಿದ ಮೇಲೆ ಪಟಪಟ ಕಿತ್ತು ಬರುತ್ತೆ."

"ಹೂಂ."

"ಒಳ್ಳೆ ಕೋಶಕ್ಕೂ ಅದೇ ದಾರಾನಾ?"

"ಒಂದಷ್ಟು ಅವೂ ಸಾಯ್ತವೆ."

ಕೆಲವೇ ದಿನಗಳಲ್ಲಿ ಅವನ ಬಿಳಿ ರಕ್ತಕಣ ನೆಲಕಚ್ಚಿ, ಜ್ವರ ಏರಿತು. ಡಾಕ್ಟರು "ಏನೂ ಹೇಳೋಕಾಗಲ್ಲ" ಎಂದರು. ಅವಳು ಮನೆಗೆ ಬಂದು, ಅವನು ಅರ್ಧ ಹೊಲಿದಿಟ್ಟಿದ್ದ ಬಟ್ಟೆಗಳನ್ನು ಗಂಟು ಕಟ್ಟಿ ಗಿರಾಕಿಗಳಿಗೆ ಕೊಟ್ಟು ಬಂದಳು. "ಬೇರೆ ಯಾರ ಹತ್ತಿರಾನಾದ್ರೂ ಹೊಲಿಸ್ಕೊಳ್ಳಿ" ಎಂದಳು. ಆಮೇಲೆ ಲ್ಯಾಬಿಗೆ ಹೋಗಿ ಕೋಶಗಳಿಗೆ ಉಣಿಸಿದಳು. ಮನಸ್ಸಿನಲ್ಲಿ ಅವನನ್ನು ಕಳಿಸಿಕೊಟ್ಟಾಗಿತ್ತು. ಅಳು ಮಾತ್ರ ಬರಲಿಲ್ಲ.

ಆದರೆ ಗಂಡ ಬದುಕಿದ. ಜ್ವರ ಇಳಿಯಿತು. ಮುಂದಿನ ಪರೀಕ್ಷೆಗಳಲ್ಲಿ ಕೆಟ್ಟ ಕೋಶ ಹುಡುಕಿದರೂ ಸಿಗಲಿಲ್ಲ. ಅತ್ತೆ ಸೊಸೆಯ ಕೈ ಹಿಡಿದು ಗೊಳೋ ಎಂದು ಅತ್ತರು. ಅವಳು ಅತ್ತೆಗೆ ಕುಡಿಯಲು ನೀರು ತಂದುಕೊಟ್ಟಳು.

ಮನೆಗೆ ಬಂದವನು ಖಾಲಿ ಕಪಾಟು ನೋಡಿ, "ಬಟ್ಟೆಗಳೆಲ್ಲ ಎಲ್ಲಿ?" ಎಂದ.

"ವಾಪಸ್ ಕೊಟ್ಟೆ."

ಅವನಿಗೆ ಅರ್ಥವಾಯಿತು. ಮಂಚದ ಮೇಲೆ ಕೂತು ಕೇಳಿದ: "ನಾನು ಉಳ್ಕೊಂಡಿದ್ದು ನಿಂಗೆ ಸಂತೋಷ ಆಗ್ಲಿಲ್ವಾ?"

"ಆಗ್ಬೇಕು. ಇನ್ನೂ ಆಗಿಲ್ಲ."

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವಳು ಬಂದು ಕೂತಳು.