ಮುಂದಿನ ಸಾಲಿನ ಎರಡು ಸೀಟು

ನನ್ನ ವಿಮಾನದ ಮೈಲುಗಳನ್ನೆಲ್ಲ ನಾನು ಹಾಳು ಮಾಡಿದೆ ಎಂಬ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ಹೌದು, ಮಾಡಿದೆ. ಬೇಕಂತಲೇ ಮಾಡಿದೆ. ಅಷ್ಟೇ ಮೈಲು ಮತ್ತೊಮ್ಮೆ ಕೂಡಿದರೆ ಮತ್ತೊಮ್ಮೆ ಹಾಗೇ ಹಾಳು ಮಾಡುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಕಲಬುರಗಿ ಹತ್ತಿರದ ಕಪನೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ತೊಗರಿ ಬೇಳೆ ಒಡೆಯುವ ಯಂತ್ರ ಮಾಡುವ ಕಾರ್ಖಾನೆ ಅದು. ಯಂತ್ರ ಕೊಂಡವರು ಇಂದೋರಿನಲ್ಲೋ ದಿಲ್ಲಿಯಲ್ಲೋ ಇರುತ್ತಿದ್ದರು. ಯಂತ್ರ ನಿಂತರೆ ಹೋಗಿ ಅದನ್ನು ಓಡಿಸಿ ಬರುವುದು ನನ್ನ ಕೆಲಸ. ಡಿಪ್ಲೊಮಾ ಓದಿದ ಹೆಂಗಸೊಬ್ಬಳು ನಟ್ಟು ಬಿಚ್ಚುವ ಪಾನಾ ಹಿಡಿದು ಯಂತ್ರದೊಳಗೆ ಕೈ ಹಾಕುವುದನ್ನು ನೋಡಲು ಮಿಲ್ಲಿನ ಮಾಲೀಕರು ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಕೂತು ನೋಡಲಿ ಬಿಡಿ, ಯಂತ್ರವಂತೂ ಓಡುತ್ತಿತ್ತು. ಮೊದಮೊದಲು ರೈಲಿನಲ್ಲಿ ಕಳಿಸುತ್ತಿದ್ದರು. ಸುಗ್ಗಿಯಲ್ಲಿ ಮಿಲ್ಲು ಒಂದು ದಿನ ನಿಂತರೂ ಗಿರಾಕಿ ಕೂಗಾಡುತ್ತಾನೆ ಎಂದು ಗೊತ್ತಾದ ಮೇಲೆ ವಿಮಾನದ ಟಿಕೆಟು ಕೊಡತೊಡಗಿದರು. ಕಲಬುರಗಿಗೆ ಆಗ ವಿಮಾನವೆಲ್ಲಿಯದು? ಕಮಲಾಪುರ, ಹುಮನಾಬಾದ್ ಮೇಲೆ ಹೋಗುವ ಬಸ್ಸು ಹಿಡಿದು ಹೈದರಾಬಾದಿಗೆ ಹೋಗಬೇಕು, ಬೇಗಂಪೇಟೆಯಲ್ಲಿ ವಿಮಾನ ಹತ್ತಬೇಕು. ವಿಮಾನದ ಕಂಪನಿಯವರು ನನಗೊಂದು ಕಾರ್ಡು ಕೊಟ್ಟಿದ್ದರು. ಹಾರಿದಷ್ಟೂ ಅದರಲ್ಲಿ ಮೈಲು ಜಮಾ ಆಗುತ್ತಿದ್ದವು. ಸಾಕಷ್ಟು ಕೂಡಿದರೆ ಪುಕ್ಕಟೆ ಟಿಕೆಟು.

ಈ ಪ್ರಯಾಣಗಳಲ್ಲಿ ಪ್ರತಿ ಸಲ ನಾನು ಮನೆಯಿಂದ ಹೊರಡುವ ಹೊತ್ತಿಗೆ ಒಬ್ಬರು ಕಾಣೆಯಾಗುತ್ತಿದ್ದರು. ಅದು ನಮ್ಮ ಅತ್ಯಾ, ಅಪ್ಪನ ತಂಗಿ.

ಅತ್ಯಾಳನ್ನು ಎಳೇ ವಯಸ್ಸಿನಲ್ಲಿ ಕಮಲಾಪುರಕ್ಕೆ ಕೊಟ್ಟಿದ್ದರು. ಬಾಳೆಯ ತೋಟವಿದ್ದ ಮನೆ. ಎರಡು ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ತೀರಿಕೊಂಡ. ಹದಿನೈದನೇ ದಿನ ಅತ್ತೆಯಾದವಳು ಆಕೆಯನ್ನು ಇನ್ನೂ ಬೆಳಕು ಹರಿಯುವ ಮೊದಲೇ ಎಬ್ಬಿಸಿ ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸಿದಳು. ತೋಟಕ್ಕೆ ಹೋಗುವವರು ಯಾರೂ ಎದ್ದ ಕೂಡಲೆ ಆ ಮುಖ ನೋಡಬಾರದಲ್ಲ, ಅದಕ್ಕೆ. ಅಂದಿನಿಂದ ಅತ್ಯಾ ನಮ್ಮ ಮನೆಯಲ್ಲೇ ಇದ್ದಳು. ಬೋಳು ಹಣೆ, ತಲೆಯ ಮೇಲೆ ಸೆರಗು, ಮಡಿ, ಏಕಾದಶಿ. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು, ಜ್ವರ ಬಂದಾಗ ರಾತ್ರಿಯಿಡೀ ಹಣೆ ಒತ್ತಿದವಳು ಅವಳೇ. ಆದರೆ ಮನೆಯಿಂದ ಯಾರೇ ದೂರದ ಊರಿಗೆ ಹೊರಡಲಿ, ಗಂಡ ಸತ್ತವಳು ಎದುರು ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ಅವಳು ಅಡಿಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳಬೇಕು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನನ್ನ ದಾರಿಗೆಂದು ಧಪಾಟಿ ಬಡಿಯುತ್ತಿದ್ದವಳು ಅವಳು. ಬೆಳಗಿನ ಬಸ್ಸಾದರೆ ಇನ್ನೂ ಕತ್ತಲಿರುವಾಗಲೇ ಎದ್ದು ಜೋಳದ ಹಿಟ್ಟಿಗೆ ಖಾರ, ಎಳ್ಳು ಹಾಕಿ ಬಡಿದು, ಜೊತೆಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇಟ್ಟು, ಅರಿವೆಯಲ್ಲಿ ಗಂಟು ಕಟ್ಟುತ್ತಿದ್ದಳು. ಆ ಗಂಟು ನನ್ನ ಕೈಗೆ ಬರುತ್ತಿದ್ದದ್ದು ಮಾತ್ರ ವೈನಿಯ ಕೈಯಿಂದ, ಅಂದರೆ ನಮ್ಮಣ್ಣನ ಹೆಂಡತಿಯ ಕೈಯಿಂದ. ಅತ್ಯಾಳ ಕೈಯ ರೊಟ್ಟಿ ನಡೆಯುತ್ತದೆ, ಮುಖ ನಡೆಯುವುದಿಲ್ಲ. ಇದೆಂಥ ಲೆಕ್ಕವೋ ನನಗೆ ಯಾವತ್ತೂ ಹತ್ತಲಿಲ್ಲ.

ಒಮ್ಮೆ ನಾನು ಹಠ ಹಿಡಿದು ಸೂಟ್‌ಕೇಸು ಕೆಳಗಿಟ್ಟುಬಿಟ್ಟೆ.

"ಅತ್ಯಾ, ಹೊರಗ ಬಾ. ನೀ ಬರೂತನಕಾ ನಾ ಹೊರಡೂದಿಲ್ಲ."

ಬಾಗಿಲ ಹಿಂದಿನಿಂದಲೇ ಉತ್ತರ ಬಂತು. "ಹುಚ್ಚಿ, ನಡೀ ಸುಮ್ನ. ವಿಮಾನಂದ್ರ ಸಣ್ಣ ಮಾತೇನು? ಏನರ ಹೆಚ್ಚುಕಡಿಮಿ ಆತಂದ್ರ ಇವರು ಜನ್ಮಪೂರ್ತಿ ನನ್ನ ಹೆಸರು ಹೇಳ್ತಾರ. ನನಗದು ಬ್ಯಾಡ."

ಆಗ ತಿಳಿಯಿತು. ಅವಳು ಒಳಗೆ ಹೋಗುತ್ತಿದ್ದದ್ದು ಶಕುನಕ್ಕೆ ಹೆದರಿ ಅಲ್ಲ, ನಮಗೆ ಹೆದರಿ. ಅವತ್ತು ಬಸ್ಸು ಹಿಡಿಯಲು ಓಡಬೇಕಾಯಿತು.

ಒಂದು ವರ್ಷ ದಸರೆ ಮುಗಿದ ಮೇಲೆ ವಿಮಾನದ ಕಂಪನಿಯಿಂದ ಸೂಚನೆ ಬಂತು. ನನ್ನ ಮೈಲುಗಳನ್ನು ವರ್ಷದ ಕೊನೆಯೊಳಗೆ ಬಳಸದಿದ್ದರೆ ಅವು ರದ್ದಾಗುತ್ತವಂತೆ. ಜೊತೆಗೆ ಬಣ್ಣದ ಪುಸ್ತಿಕೆ. ಎಷ್ಟು ಮೈಲಿಗೆ ಏನು ಸಿಗುತ್ತದೆ ಎಂದು ಚಿತ್ರ ಸಮೇತ ಹಾಕಿದ್ದರು. ಸೂಟ್‌ಕೇಸು, ಗಡಿಯಾರ, ಹೋಟೆಲಿನ ವಾಸ, ಈ ಊರಿಗೆ ಆ ಊರಿಗೆ ಟಿಕೆಟು. ಮನೆಯವರ ಹೆಸರಿಗೂ ಟಿಕೆಟು ಮಾಡಿಸಬಹುದೆಂದು ಕೆಳಗೆ ಬರೆದಿತ್ತು. ಅದು ಗೊತ್ತಾದದ್ದೇ ತಡ, ಅಣ್ಣ ನನ್ನನ್ನು ಬಹಳ ಅಕ್ಕರೆಯಿಂದ ಮಾತನಾಡಿಸತೊಡಗಿದ.

ನಾನು ಪುಸ್ತಿಕೆ ಹಿಡಿದು ಊರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆ. ಅಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಬಸ್ಸು, ವಿಮಾನ ಎರಡರ ಟಿಕೆಟನ್ನೂ ಮಾಡಿಕೊಡುವ ಏಜೆಂಟನೊಬ್ಬನಿದ್ದ. ಈ ವಿಷಯದಲ್ಲಿ ಅವನು ಪಳಗಿದವನು. ಚಹಾ ತರಿಸಿ, ಪುಸ್ತಿಕೆ ಬಿಡಿಸಿ, ನನಗೆ ಪಾಠವನ್ನೇ ಮಾಡಿದ.

"ಮೇಡಂ, ಸೂಟ್‌ಕೇಸು ಗಡಿಯಾರದ ಕಡಿ ನೋಡಲೇ ಬ್ಯಾಡ್ರಿ. ಅವು ಇಲ್ಲೇ ಕೆಳಗ ಅರ್ಧಾ ಕಿಮ್ಮತ್ತಿಗೆ ಸಿಗ್ತಾವ. ರೊಕ್ಕಾ ಕೊಟ್ರ ಯಾವ ಟಿಕೀಟು ಭಾಳ ತುಟ್ಟಿ ಅದನೋ, ಅದನ್ನ ಮೈಲ್ ಕೊಟ್ಟು ತಗೋಬೇಕು. ಅದೇ ಅಸಲಿ ಫಾಯ್ದಾ. ಸಿಂಗಾಪುರಕ್ಕ ಒಂದು ತಗೋರಿ, ಇಲ್ಲಾಂದ್ರ ದಿಲ್ಲಿಗೆ ಎರಡು. ಮುಂಬೈದಂಥಾ ಸಮೀಪದ ಊರಿಗೆ ಮುಂದಿನ ಸಾಲಿನ ದೊಡ್ಡ ಸೀಟು ಮಾತ್ರ ಬಿಲ್ಕುಲ್ ಬ್ಯಾಡ್ರಿ. ಒಂದು ತಾಸಿನ ಸಲುವಾಗಿ ಅಷ್ಟೂ ಮೈಲ್ ಖಲಾಸ್."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಂಥದ್ದನ್ನು ಆರಿಸುವವರು ಯಾರೇ ಇರಲಿ, ಅವನ ಮಾತು ಕೇಳುವುದೇ ಒಳ್ಳೆಯದು. ನಾನೂ ತಲೆದೂಗಿ ಎದ್ದು ಬಂದೆ.

ಮನೆಯಲ್ಲಿ ಅಣ್ಣ ಆಗಲೇ ತೀರ್ಮಾನ ಮಾಡಿ ಕೂತಿದ್ದ. ದಿಲ್ಲಿಯಲ್ಲಿ ವೈನಿಯ ತವರಿನವರ ಕಡೆ ಮದುವೆಯಿತ್ತು. "ಎರಡು ದಿಲ್ಲಿ ಟಿಕೀಟು ಮಾಡಸು. ನಾನು, ನಿಮ್ಮ ವೈನಿ ಹೋಗ್ತೀವಿ. ವಿಮಾನದಾಗ ಬಂದ್ರು ಅಂತ ನಾಕು ಮಂದಿ ಅನ್ನಲಿ."

"ನಾಕು ಮಂದಿ ಅನ್ನಲಿಕ್ಕೆ ನಾ ಬಸ್ಸಿನಾಗ ಸೊಂಟಾ ಮುರಕೊಂಡಿಲ್ಲ," ಅಂದೆ. "ಒಂದು ಟಿಕೀಟು ನಂದು. ಇನ್ನೊಂದು ಅತ್ಯಾಂದು."

ಅಣ್ಣ ನಕ್ಕ. ನಾನು ನಗದೇ ಇದ್ದದ್ದು ನೋಡಿ ನಗು ನಿಲ್ಲಿಸಿದ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ದೊಡ್ಡ ಮನಸ್ಸು ಮಾಡಿದವನಂತೆ, "ಹಂಗಾರ ಕಾಶಿಗೆ ಕರಕೊಂಡು ಹೋಗು. ನಿನಗೂ ಪುಣ್ಯಾ ಬರ್ತದ, ಮಂದೀನೂ ಏನೂ ಅನ್ನೂದಿಲ್ಲ," ಅಂದ.

ಅತ್ಯಾ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ಕಾಶಿಗೆ ನಾ ಹೋಗೂದಿಲ್ಲ. ನನ್ನಂಥವರನ್ನ ಕಾಶಿಗೆ ಕಳಸೂದು ವಾಪಸ್ ಬರಬಾರದಂತ. ನಾ ಹೋದ್ರ ಹೊಳ್ಳಿ ಬರಬೇಕು."

ಅವಳು ಅಣ್ಣನಿಗೆ ಎದುರು ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣ ಮುಖ ಗಂಟು ಹಾಕಿಕೊಂಡು ಎದ್ದು ಹೋದ. ಅತ್ಯಾ ಕೈ ತೊಳೆದುಕೊಂಡು ಬಂದು ಪುಸ್ತಿಕೆ ಎತ್ತಿಕೊಂಡಳು. ಓದಲಿಲ್ಲ, ಚಿತ್ರ ನೋಡಿದಳು. ಅಗಲವಾದ ಸೀಟುಗಳ ಚಿತ್ರದ ಮೇಲೆ ಬೆರಳಿಟ್ಟಳು.

"ಇವು ವಿಮಾನದಾಗ ಎಲ್ಲಿರ್ತಾವ?"

"ಎಲ್ಲಾರಕಿಂತಾ ಮುಂದ. ಬಾಗಲದ ಹಂತ್ಯಾಕ."

"ಇಲ್ಲಿ ಕೂತವರನ್ನ ಮೊದಲ ಹತ್ತಸ್ತಾರೇನು?"

"ಹೂಂ. ಅವರು ಕೂತ ಮ್ಯಾಲ ಉಳದವರು."

"ಉಳದವರು ಇವರ ಮುಂದ ಹಾದೇ ಹಿಂದ ಹೋಗಬೇಕು?"

"ಬ್ಯಾರೆ ದಾರಿ ಇಲ್ಲ."

ಅತ್ಯಾ ಪುಸ್ತಿಕೆ ಮುಚ್ಚಿದಳು. "ಹಂಗಾರ ಅಷ್ಟೂ ಮಂದಿ ನನ್ನ ಮುಖಾ ನೋಡೇ ಹೊರಡಬೇಕು. ನಾ ಅಲ್ಲೇ ಕೂಡ್ತೀನಿ. ಊರು ಯಾವುದಾದ್ರೂ ನಡೀತದ."

ನನ್ನ ಮೈಲುಗಳಲ್ಲಿ ಹಾಗೆ ಎರಡು ಸೀಟು ಸಿಗುವ ಊರು ಒಂದೇ ಇತ್ತು, ಮುಂಬೈ. ಮಾರನೇ ದಿನ ಹೋಗಿ ಹೇಳಿದಾಗ ಏಜೆಂಟ ಚಹಾದ ಬಟ್ಟಲು ಕೆಳಗಿಟ್ಟ. "ಯಾ ಅಲ್ಲಾ! ಏನ್ ಮಾಡಾಕತ್ತೀರಿ ಮೇಡಂ? ಇಡೀ ಪುಸ್ತಕದಾಗ ಇದರಕಿಂತಾ ಖರಾಬ್ ಸೌದಾ ಇಲ್ರಿ." ಗೊತ್ತು, ಮಾಡು ಎಂದೆ. ಅಲ್ಲಿ ಊಟ ಬಹಳ ಚೆನ್ನಾಗಿ ಕೊಡುತ್ತಾರೆ, ಅದನ್ನಾದರೂ ಬಿಡಬೇಡಿ ಎಂದು ಸಮಾಧಾನ ಹೇಳಿದ. ಮಡಿಯ ಅತ್ಯಾ ಹೊರಗಿನ ಅನ್ನ ಮುಟ್ಟುವುದಿಲ್ಲ ಎಂದು ಅವನಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ಹೊರಡುವ ದಿನ ಅಣ್ಣ ಆಫೀಸಿಗೆ ಹೋಗುವವನು, ಅತ್ಯಾ ಎದುರಾದಾಳೆಂದು ಕೋಣೆಯೊಳಗೆ ಕೂತು ಬಾಗಿಲು ಮುಂದೆ ಮಾಡಿಕೊಂಡ. ಅತ್ಯಾ ಅಭ್ಯಾಸಬಲದಿಂದ ಗಂಟು ಎತ್ತಿಕೊಂಡು ಹಿತ್ತಲ ಕಡೆ ಎರಡು ಹೆಜ್ಜೆ ಹೋದಳು. ನಿಂತಳು. ಹೊಳ್ಳಿ ಬಂದು ನಡುಮನೆ ದಾಟಿ ತಲಬಾಗಿಲಿನಿಂದ ಹೊರಗಿಳಿದಳು. ಗೇಟಿನ ಹತ್ತಿರ ಹೋಗಿ ಒಳಗೆ ಕೇಳುವಂತೆ ಕೂಗಿದಳು.

"ನಾ ಹೊಂಟೆನಪಾ. ಇನ್ನ ಹೊರಗ ಬಾ, ನಿನಗ ಆಫೀಸಿಗೆ ಹೊತ್ತಾಗ್ತದ."

ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನಾನು ನೋಡಿದೆ.

ಬಸ್ಸು ಕಮಲಾಪುರದಲ್ಲಿ ನಿಂತಿತು. ಅಷ್ಟು ವರ್ಷ ಆ ಊರಿನ ಮೇಲೆ ನಾನು ಓಡಾಡಿದ್ದೆ, ಅದರ ಹೆಸರನ್ನು ಮಾತ್ರ ಅತ್ಯಾಳ ಮುಂದೆ ಎತ್ತಿರಲಿಲ್ಲ. ಅವಳು ಇಳಿಯುತ್ತೇನೆ ಎಂದಳು. ಮೇಲೆ ಬಿಸಿಲು ಚುರುಗುಡುತ್ತಿತ್ತು. ಬುಟ್ಟಿಯವಳ ಹತ್ತಿರ ಕೆಂಪು ಬಾಳೆಹಣ್ಣಿನ ಒಂದು ಹಣಿಗೆ ಕೊಂಡಳು. ಬಸ್‌ಸ್ಟ್ಯಾಂಡಿನ ನಟ್ಟನಡುವೆ ನಿಂತು ಊರಿನ ಕಡೆ ನೋಡಿದಳು. ಒಂದು ಓಣಿಯತ್ತ ಬೆರಳು ಮಾಡಿ, "ಅಲ್ಲಿಂದ ಕಳಿಸಿದ್ರು, ಕತ್ತಲಿದ್ದಾಗ," ಅಂದಳು. ಬಂದು ಹೋಗುವವರು ಯಾರೂ ಅವಳ ಗುರುತು ಹಿಡಿಯಲಿಲ್ಲ. ಕಂಡಕ್ಟರು ಎರಡು ಸಲ ಸೀಟಿ ಊದಿದ. ಅವಳು ಅವಸರ ಮಾಡದೆ ಬಂದು ಹತ್ತಿದಳು.

ಬೇಗಂಪೇಟೆಯಲ್ಲಿ ನಮ್ಮನ್ನು ಮೊದಲು ಹತ್ತಿಸಿದರು. ನಾನು ಕಿಡಕಿಯ ಸೀಟು ತೋರಿಸಿದೆ. ಮೋಡ ಕಾಣುತ್ತವೆ, ಇಲ್ಲಿ ಕೂಡು ಎಂದೆ.

"ಮೋಡಾ ನೀ ನೋಡು. ನನಗ ಈ ಕಡಿ ಸೀಟು."

ದಾರಿಯ ಪಕ್ಕಕ್ಕೆ ಕೂತಳು. ಆಮೇಲೆ ಜನ ಮೆಟ್ಟಿಲು ಹತ್ತಿ ಬರುವ ಸಪ್ಪಳ ಕೇಳಿತು. ಅತ್ಯಾಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಹಣೆಯ ಮೇಲಿಂದ ಕಣ್ಣಿನ ತನಕ ಎಳೆದುಕೊಂಡು ತಲೆ ಬಗ್ಗಿಸಿದಳು. ಇಷ್ಟು ದೂರ ಬಂದು ಇವಳು ಇಲ್ಲಿಯೂ ಅಡಿಗೆಮನೆ ಹೊಕ್ಕಳಲ್ಲ ಅನ್ನಿಸಿತು. ಹತ್ತಾರು ಮಂದಿ ಹಾದು ಹೋದರು.

ಅಷ್ಟರಲ್ಲಿ ಒಬ್ಬ ಹಿರಿಯರು ಬಂದರು. ಹಣೆಗೆ ಅಂಗಾರ ಅಕ್ಷತೆ, ತೋಳಿನ ಮೇಲೆ ಗೋಪೀಚಂದನದ ಮುದ್ರೆ. ಥೇಟ್ ನಮ್ಮವರೇ. ಅತ್ಯಾಳನ್ನು ಕಂಡ ಕೂಡಲೆ ನಿಂತುಬಿಟ್ಟರು. ಹಿಂದಿದ್ದ ಹೆಂಡತಿಯ ಕಡೆ ಹೊಳ್ಳಿ ನಮ್ಮ ಕಡೆಯ ಕನ್ನಡದಲ್ಲೇ, "ಥೋ, ಹೊರಡೂ ಹೊತ್ತಿಗೆ ಇದೇನಿದು ಎದುರಿಗೆ," ಎಂದು ಗೊಣಗಿದರು. ಹಿಂದಿನ ಸಾಲು ನೂಕುತ್ತಿತ್ತು. ಅವರು ಮುಂದೆ ಹೆಜ್ಜೆ ಇಡಲೊಲ್ಲರು. ನಾನು ಎದ್ದು ನಿಂತು ಬಾಯಿ ತೆಗೆಯಬೇಕು, ಅತ್ಯಾ ನನ್ನ ಮೊಣಕೈ ಹಿಡಿದು ಕೂಡಿಸಿದಳು. ಇನ್ನೊಂದು ಕೈಯಿಂದ ಸೆರಗನ್ನು ಹಿಂದಕ್ಕೆ ಸರಿಸಿ, ಬೋಳು ಹಣೆಯನ್ನು ಎತ್ತಿ ಅವರ ಮುಖ ನೋಡಿದಳು.

"ನಡೀರಿ ಮುಂದ. ಏನೂ ಆಗೂದಿಲ್ಲ. ನಾನೂ ಇದರಾಗೇ ಬರ್ಲಿಕ್ಕತ್ತೀನಿ."

ಅವರು ನಡೆದರು. ನಡೆಯದೆ ಏನು ಮಾಡುತ್ತಾರೆ?

ಅಲ್ಲಿಂದ ಮುಂದೆ ಬಂದ ಒಬ್ಬೊಬ್ಬರನ್ನೂ ಅತ್ಯಾ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಳೇ ಕೂಸನ್ನು ಎತ್ತಿಕೊಂಡ ತಾಯಿ, ಫೈಲು ಹಿಡಿದ ಅಧಿಕಾರಿಗಳು, ಹೊಸದಾಗಿ ಮದುವೆಯಾದವರು. ಕೂಸು ಅವಳನ್ನು ನೋಡಿ ನಕ್ಕಿತು. ಬಾಗಿಲು ಹಾಕಿದರು, ವಿಮಾನ ಎದ್ದಿತು. ಬೆಳ್ಳಗಿನ ತಟ್ಟೆಯಲ್ಲಿ ಬಂದ ಊಟವನ್ನು ಅವಳು ಮುಟ್ಟದೆ ಹಾಗೇ ಕಳಿಸಿದಳು. ಗಂಟು ಬಿಚ್ಚಿ ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿದು ತಿಂದಳು, ನನಗೂ ಒಂದು ಕೊಟ್ಟಳು. ಮೋಡದ ಕಡೆ ಒಮ್ಮೆಯೂ ನೋಡಲಿಲ್ಲ.

ಮುಂಬೈಯಲ್ಲಿ ಚಕ್ರ ನೆಲಕ್ಕೆ ತಾಕಿ ವಿಮಾನ ನಿಂತಿತು. ಅತ್ಯಾ ನನ್ನನ್ನು ಮೆಲ್ಲಗೆ ತಿವಿದಳು.

"ಎದ್ದು ಹಿಂದ ನೋಡು. ಎಲ್ಲಾರೂ ಇದ್ದಾರಿಲ್ಲೋ?"

ನಾನು ಎದ್ದು ನೋಡಿದೆ. ಮುದ್ರೆಯ ಹಿರಿಯರು ಮೇಲಿನಿಂದ ಚೀಲ ಇಳಿಸುತ್ತಿದ್ದರು. ಕೂಸು ಅಳುತ್ತಿತ್ತು.

"ಇದ್ದಾರ ಅತ್ಯಾ. ಎಲ್ಲಾರೂ ಇದ್ದಾರ."

"ಹಾಂ. ಮನಿಗೆ ಹೋದ ಮ್ಯಾಲ ನಿಮ್ಮಣ್ಣಗ ಹೇಳು."

ಹೇಳಿದೆ. ಮೈಲು ಹಾಳಾದವು ಎಂದು ಅವನು ಕೈ ಕೈ ಹಿಸುಕಿಕೊಂಡ, ಅಷ್ಟೇ. ಮುಂದಿನ ತಿಂಗಳು ನಾನು ಇಂದೋರಿಗೆ ಹೊರಟಾಗ ಕಾರ್ಡಿನಲ್ಲಿ ಒಂದು ಮೈಲೂ ಇರಲಿಲ್ಲ. ವೈನಿ ಎಂದಿನಂತೆ ಗಂಟಿಗಾಗಿ ಕೈ ಚಾಚಿದಳು. ಅತ್ಯಾ ಕೊಡಲಿಲ್ಲ. ತಾನೇ ನಡುಮನೆ ದಾಟಿ, ತಲಬಾಗಿಲು ದಾಟಿ, ಗೇಟಿನ ತನಕ ಬಂದು ಬಿಸಿ ಧಪಾಟಿಯ ಗಂಟನ್ನು ನನ್ನ ಕೈಯಲ್ಲಿಟ್ಟು, ನನ್ನ ಮುಖ ನೋಡಿ, "ಹೋಗಿ ಬಾ," ಅಂದಳು.